14416 ಮತ್ತು ಮಂಗಳವಾರದ ಕ್ಲಿನಿಕ್: ಸರ್ಕಾರಿ ನೌಕರರ ಖಿನ್ನತೆಗೆ ಎಷ್ಟು ಉಪಯೋಗ, ಯಾರಿಗೆ ಕಡಿಮೆ?

ಅಂಕ ಮೊದಲೇ ಕೊಟ್ಟುಬಿಡೋಣ. 14416 ಎಂದರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಅದಕ್ಕೆ ಮಹಿಳಾ ನೌಕರರ ಲೆಕ್ಕದಲ್ಲಿ ಐದಕ್ಕೆ ಮೂರೂವರೆ, ಪುರುಷ ನೌಕರರ ಲೆಕ್ಕದಲ್ಲಿ ಎರಡೂವರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರದ ಕ್ಲಿನಿಕ್‌ನ ಅಂಕ ಮುಂದೆ ಬರುತ್ತದೆ, ಮೊದಲು ಫೋನಿನ ಮಾತು. ನಂಬರು ಒಂದೇ, ಫೋನ್ ಎತ್ತುವವರೂ ಅವರೇ. ಆದರೆ ಒಂದೇ ಸೆಕ್ಷನ್ನಿನಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ ಖಿನ್ನತೆ ಒಂದೇ ರೀತಿ ಕಾಣಿಸಿಕೊಳ್ಳುವುದಿಲ್ಲ. ಅಳು, ಸುಸ್ತು, 'ನನ್ನಿಂದಲೇ ಎಲ್ಲ ಹಾಳಾಯಿತು' ಎಂಬ ಕೊರಗಿನ ರೂಪದಲ್ಲಿ ಬಂದರೆ ಈ ಸೇವೆ ಚೆನ್ನಾಗಿ ಹಿಡಿಯುತ್ತದೆ. ಸಿಟ್ಟು, ಕುಡಿತ, ಗೈರುಹಾಜರಿಯ ರೂಪದಲ್ಲಿ ಬಂದರೆ ಅದರ ಕೈಗೆ ಸಿಗುವುದೇ ಕಷ್ಟ.

ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು. ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿದ್ದ ಯೋಜನೆ ಇದು. ನೇತೃತ್ವ ನಿಮ್ಹಾನ್ಸ್‌ನದು, ತಾಂತ್ರಿಕ ಬೆಂಬಲ ಬೆಂಗಳೂರಿನ ಐಐಐಟಿಯದು. 14416 ಅಥವಾ 1800-891-4416, ಎರಡರಲ್ಲಿ ಯಾವುದಕ್ಕಾದರೂ ದಿನದ 24 ಗಂಟೆಯೂ ಪುಕ್ಕಟೆಯಾಗಿ ಕರೆ ಮಾಡಬಹುದು. ಕನ್ನಡ ಸೇರಿ 20 ಭಾಷೆಗಳಲ್ಲಿ ಸೇವೆ ಉಂಟು. 2024ರಲ್ಲಿ ಆ್ಯಪ್ ಬಂತು. ವಿಡಿಯೊ ಸಮಾಲೋಚನೆ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕರೆ ಸಾಗುವ ಕ್ರಮ ಸರಳ. ನಂಬರು ಒತ್ತಿದ ಮೇಲೆ ಧ್ವನಿ ಸೂಚನೆಯಂತೆ ಭಾಷೆ ಆರಿಸಬೇಕು. ಆಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ; ಇದು ಮೊದಲ ಹಂತ. ಬಹುಪಾಲು ಕರೆಗಳು ಇಲ್ಲೇ ಮುಗಿಯುತ್ತವೆ. ಔಷಧ ಬೇಕಾದೀತು, ಅಪಾಯ ಹೆಚ್ಚಿದೆ ಎಂದು ಅವರಿಗೆ ಅನ್ನಿಸಿದರೆ ಎರಡನೇ ಹಂತದ ತಜ್ಞರಿಗೆ, ಅಂದರೆ ಮನೋವೈದ್ಯರಿಗೆ, ದಾಟಿಸುತ್ತಾರೆ. ಇಲ್ಲವೇ ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ.

ಕರೆಗೆ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದಿಟ್ಟುಕೊಂಡರೆ ಮಾತು ಬೇಗ ದಾರಿಗೆ ಬರುತ್ತದೆ: ತೊಂದರೆ ಶುರುವಾಗಿ ಎಷ್ಟು ವಾರವಾಯಿತು, ರಾತ್ರಿ ಎಷ್ಟು ಗಂಟೆ ನಿದ್ದೆ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು (ಬಿಪಿ, ಶುಗರ್, ಥೈರಾಯ್ಡ್ ಎಲ್ಲವೂ), ವಾರದಲ್ಲಿ ಎಷ್ಟು ದಿನ ಮದ್ಯ. ನಾಲ್ಕನೆಯದನ್ನು ಗಂಡಸರು ಬಿಟ್ಟುಬಿಡುತ್ತಾರೆ, ಮೂರನೆಯದನ್ನು ಹೆಂಗಸರು ಮರೆಯುತ್ತಾರೆ.

ಕಚೇರಿಯಿಂದ ಕರೆ ಮಾಡಬೇಡಿ. ಊಟದ ವಿರಾಮದಲ್ಲಿ ರೆಕಾರ್ಡ್ ರೂಮಿಗೆ ಹೋಗಿ ಪಿಸುಗುಟ್ಟಿದರೆ ಹದಿನೈದು ನಿಮಿಷದಲ್ಲಿ ಯಾರಾದರೂ ಫೈಲ್ ಹುಡುಕಿಕೊಂಡು ಬಂದೇ ಬರುತ್ತಾರೆ. ಒಂದಿಷ್ಟು ಹೊತ್ತು, ಕನಿಷ್ಠ ಅರ್ಧ ಗಂಟೆ, ಯಾರೂ ಅಡ್ಡ ಬಾರದ ಜಾಗ ಬೇಕು. ಮನೆಯಲ್ಲಿ ಅಂಥ ಅರ್ಧ ಗಂಟೆ ಇಲ್ಲದ ಮಹಿಳೆಯರಿಗೆ ಬಸ್ಸು ಇಳಿದು ಮನೆ ಮುಟ್ಟುವ ನಡುವಿನ ದೇವಸ್ಥಾನದ ಕಟ್ಟೆಯೇ ಒಳ್ಳೆಯದು. 24 ಗಂಟೆಯ ಸೇವೆ ಎಂಬುದು ಕೇಳಲು ದೊಡ್ಡ ಸೌಕರ್ಯ, ಆದರೆ ರಾತ್ರಿ ಹತ್ತರ ಮೇಲೆ ಒಂದೇ ಕೋಣೆಯಲ್ಲಿ ಮಕ್ಕಳ ಜತೆ ಮಲಗುವವಳಿಗೆ ಅದರ ಲಾಭ ಅರ್ಧದಷ್ಟೂ ಇಲ್ಲ.

ಫೋನಿನಲ್ಲಿ ಸಿಗದೇ ಇರುವುದು ಯಾವುದು ಎಂದೂ ತಿಳಿದಿರಲಿ. ಆಲ್ಪ್ರಜೋಲಾಂ ಬಗೆಯ ನಿದ್ದೆ ಮಾತ್ರೆಗಳು ಮಾದಕದ್ರವ್ಯ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿವೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅವನ್ನು ದೂರದಿಂದ ಬರೆದುಕೊಡುವಂತಿಲ್ಲ. 'ನಿದ್ದೆಗೊಂದು ಮಾತ್ರೆ ಹೇಳಿ ಸಾಕು' ಎಂದು ಕರೆ ಮಾಡುವವರು ನಿರಾಶರಾಗಿ ಫೋನ್ ಇಡುವುದು ಇಲ್ಲೇ. ರಜೆಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರಕ್ಕೂ ಎದುರು ಕೂರಿಸಿ ಪರೀಕ್ಷಿಸಿದ ವೈದ್ಯರ ಸಹಿ, ನೋಂದಣಿ ಸಂಖ್ಯೆ, ಮೊಹರು ಬೇಕು. ವರ್ಗಾವಣೆ, ಮೇಲಧಿಕಾರಿಯ ಕಿರುಕುಳ, ಬಾಕಿ ಇನ್‌ಕ್ರಿಮೆಂಟ್ ಇತ್ಯಾದಿಗೆ ಇದು ದೂರು ಪೆಟ್ಟಿಗೆಯೂ ಅಲ್ಲ. ಕರೆಯ ಮೊದಲ ಇಪ್ಪತ್ತು ನಿಮಿಷ ಕಚೇರಿ ರಾಜಕೀಯಕ್ಕೇ ಹೋದರೆ, ನಿದ್ದೆ ಹಸಿವುಗಳ ವಿಚಾರ ಬರುವ ಹೊತ್ತಿಗೆ ಇಬ್ಬರಿಗೂ ದಣಿವಾಗಿರುತ್ತದೆ. ಲಕ್ಷಣ ಮೊದಲು, ಕಾರಣ ಆಮೇಲೆ. ಈ ಕ್ರಮ ತಪ್ಪಿದ ಕರೆಗಳು ಸಮಾಧಾನದ ಮಾತಿನಲ್ಲೇ ಮುಗಿದುಹೋಗುತ್ತವೆ.

ಈಗ ಹೆಣ್ಣು ಗಂಡಿನ ಅಂತರಕ್ಕೆ ಬರೋಣ. ಖಿನ್ನತೆ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇನ್ನೊಂದು ಕಡೆ, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿಯಲ್ಲಿ ದೇಶದ ಆತ್ಮಹತ್ಯೆ ಸಂಖ್ಯೆ 1,70,924. ಅದರಲ್ಲಿ ಗಂಡಸರು ಶೇ 71.8. ಕಾಯಿಲೆ ಒಬ್ಬರಲ್ಲಿ ಹೆಚ್ಚು, ಸಾವು ಇನ್ನೊಬ್ಬರಲ್ಲಿ ಹೆಚ್ಚು. ಇದಕ್ಕೆ ಕಾರಣ ಒಂದಲ್ಲ, ಹಲವು. ಅವುಗಳಲ್ಲಿ ಒಂದು: ಗಂಡಸರ ಖಿನ್ನತೆ ಎಣಿಕೆಗೇ ಸಿಗುವುದಿಲ್ಲ. ಸ್ವೀಡನ್ನಿನ ಗಾಟ್‌ಲಂಡ್ ದ್ವೀಪದಲ್ಲಿ 1983–84ರಲ್ಲಿ ಎಲ್ಲ ಸಾಮಾನ್ಯ ವೈದ್ಯರಿಗೂ ಖಿನ್ನತೆ ಗುರುತಿಸುವ ತರಬೇತಿ ಕೊಟ್ಟರು. ಹೆಂಗಸರ ಆತ್ಮಹತ್ಯೆ ಇಳಿಯಿತು, ಗಂಡಸರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ವೈದ್ಯರು ಕಲಿತದ್ದು ಹೆಂಗಸರಲ್ಲಿ ಕಾಣುವ ಖಿನ್ನತೆಯನ್ನು. ಗಂಡಸರು ಆ ಲಕ್ಷಣ ಹೇಳಿಕೊಂಡು ಅವರ ಬಾಗಿಲಿಗೆ ಬರಲೇ ಇಲ್ಲ. ಗಂಡಸರಿಗೆಂದೇ ಸಿಟ್ಟು, ಚಡಪಡಿಕೆ, ಕುಡಿತ ಕೇಳುವ ಬೇರೆ ಪ್ರಶ್ನಾವಳಿ ಹುಟ್ಟಿದ್ದು ಆ ಅನುಭವದಿಂದ.

ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಬಳಸುವುದು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯನ್ನು. ಕಳೆದ ಎರಡು ವಾರದಲ್ಲಿ ಆಸಕ್ತಿ ಕುಂದಿದ್ದು, ಮನಸ್ಸು ಕುಗ್ಗಿದ್ದು, ನಿದ್ದೆ, ಸುಸ್ತು, ಹಸಿವು, ತಪ್ಪಿತಸ್ಥ ಭಾವ, ಏಕಾಗ್ರತೆ, ಮಂದಗತಿ ಅಥವಾ ಚಡಪಡಿಕೆ, ಸಾವಿನ ಯೋಚನೆ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ತುಸು ತೀವ್ರ, 20 ಮುಟ್ಟಿದರೆ ತೀವ್ರ. ಸಾಮಾನ್ಯವಾಗಿ 10ಕ್ಕೆ ಗೆರೆ ಎಳೆಯುತ್ತಾರೆ. ಫೋನಿನಲ್ಲಿ ಕೇಳುವ ಮಾತೂ ಹೆಚ್ಚುಕಡಿಮೆ ಇದೇ ಜಾಡಿನದು.

ಈ ಹಾಳೆಯನ್ನು ಇಬ್ಬರು ಕಾಲ್ಪನಿಕ ನೌಕರರ ಮುಂದಿಟ್ಟು ನೋಡಿ. ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ: ಆಸಕ್ತಿ 2, ಮನಸ್ಸು 2, ನಿದ್ದೆ 2, ಸುಸ್ತು 3, ಹಸಿವು 1, ತಪ್ಪಿತಸ್ಥ ಭಾವ 2, ಏಕಾಗ್ರತೆ 1, ಮಂದಗತಿ 1, ಸಾವಿನ ಯೋಚನೆ 0. ಒಟ್ಟು 14, ಗೆರೆಯ ಮೇಲೆ. ಇನ್ನೊಬ್ಬರು ತಾಲ್ಲೂಕು ಕಚೇರಿಯ ಪ್ರಥಮ ದರ್ಜೆ ಸಹಾಯಕ: ಆಸಕ್ತಿ 2, ನಿದ್ದೆ 2, ಏಕಾಗ್ರತೆ 2, ಸುಸ್ತು 1, ಹಸಿವು 1, ಉಳಿದದ್ದೆಲ್ಲ ಸೊನ್ನೆ, 'ಮನಸ್ಸು ಕುಗ್ಗಿದೆಯಾ' ಅಂದರೆ 'ಹಂಗೇನಿಲ್ಲ ಸಾರ್'. ಒಟ್ಟು 8, ಗೆರೆಯ ಕೆಳಗೆ. ಆತ ದಿನಾ ಸಂಜೆ ಒಂದು ಕ್ವಾರ್ಟರ್ ಮುಗಿಸುತ್ತಾನೆ, ಸಾರ್ವಜನಿಕರ ಮೇಲೆ ರೇಗುತ್ತಾನೆ, ಎದೆ ಹಿಡಿದಂತಾಗುತ್ತದೆ ಎಂದು ಎರಡು ಸಲ ಇಸಿಜಿ ಮಾಡಿಸಿದ್ದಾನೆ, ಎರಡೂ ನಾರ್ಮಲ್. ಇದ್ಯಾವುದಕ್ಕೂ ಹಾಳೆಯಲ್ಲಿ ಜಾಗವಿಲ್ಲ. ಅಲ್ಲಿಗೆ ಕೇಳಬೇಕಾದದ್ದು ಆಡಿಟ್ ಎಂಬ ಇನ್ನೊಂದು ಹತ್ತು ಪ್ರಶ್ನೆಯ ಪಟ್ಟಿ, ಕುಡಿತದ್ದು. ಅದರಲ್ಲಿ 8 ಮುಟ್ಟಿದರೆ ಎಚ್ಚರ. ಗಂಡಸು ಕರೆ ಮಾಡಿದಾಗ ಎರಡನ್ನೂ ಕೂಡಿ ಓದದೆ 'ಸೌಮ್ಯ' ಎಂದು ಷರಾ ಹಾಕುವುದು ಈ ಸೇವೆ ಎಡವಬಹುದಾದ ಅತಿ ದೊಡ್ಡ ಜಾಗ. ಆದ್ದರಿಂದ ಅಂಥವರಿಗೆ ನಮ್ಮ ಸಲಹೆ ಇಷ್ಟೇ: ಅವರು ಕೇಳದಿದ್ದರೂ ಸಿಟ್ಟು ಮತ್ತು ಕುಡಿತದ ಸುದ್ದಿ ನೀವೇ ಎತ್ತಿ.

ಹೆಂಗಸರ ವಿಷಯದಲ್ಲಿ ಎಡವಟ್ಟು ಬೇರೆ ಬಗೆಯದು. ಸುಸ್ತಿಗೆ 3, ಏಕಾಗ್ರತೆಗೆ 2, ನಿದ್ದೆಗೆ 2 ಬಂದ ಕೂಡಲೇ ಖಿನ್ನತೆ ಎಂದುಬಿಡಬಾರದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ಪ್ರಾಯದ ಭಾರತೀಯ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಥೈರಾಯ್ಡ್ ಕೊರತೆಯೂ ಹೆಂಗಸರಲ್ಲೇ ಹೆಚ್ಚು, ಅದು ಖಿನ್ನತೆಯಂತೆಯೇ ನಟಿಸುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಬಿ12, ಶುಗರ್: ಈ ನಾಲ್ಕು ರಕ್ತಪರೀಕ್ಷೆ ಆಗದೆ ವರ್ಷಗಟ್ಟಲೆ ಖಿನ್ನತೆಯ ಮಾತ್ರೆ ನುಂಗುವುದು ವ್ಯರ್ಥ. ಫೋನಿನಲ್ಲಿ ರಕ್ತ ತೆಗೆಯಲು ಆಗದು. ಕರೆಗೆ ಮುಂಚೆಯೇ ಮಾಡಿಸಿಕೊಂಡರೆ ಒಂದು ಸುತ್ತು ಉಳಿಯುತ್ತದೆ. 45ರಿಂದ 55ರ ನಡುವೆ, ಮುಟ್ಟು ನಿಲ್ಲುವ ಕಾಲದಲ್ಲಿ, ಮತ್ತು ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಅಪಾಯ ಹೆಚ್ಚು. ಹೆರಿಗೆ ರಜೆ 180 ದಿನ ಮುಗಿಸಿ ಕೆಲಸಕ್ಕೆ ಹಾಜರಾದ ಮೊದಲ ಎರಡು ತಿಂಗಳು ವಿಶೇಷವಾಗಿ ಗಮನಿಸಬೇಕಾದ ಕಾಲ. ಬಾಣಂತಿಯರಿಗೆ ಎಡಿನ್‌ಬರೋ ಪ್ರಶ್ನಾವಳಿ ಎಂಬ ಪ್ರತ್ಯೇಕ ಹತ್ತು ಪ್ರಶ್ನೆಗಳಿವೆ. 'ಮಗು ಆರು ತಿಂಗಳದ್ದು' ಎಂದು ಮೊದಲೇ ಹೇಳಿದರೆ ಸಮಾಲೋಚಕರ ದಾರಿ ಬದಲಾಗುತ್ತದೆ.

ಹಾಗಾದರೆ ಕಚೇರಿಯ ಪಾಲು ಎಷ್ಟು? ಈ ವಿಷಯದಲ್ಲಿ ಜಗತ್ತಿನ ದೊಡ್ಡ ಅಧ್ಯಯನ ನಡೆದದ್ದು ಸರ್ಕಾರಿ ನೌಕರರ ಮೇಲೆಯೇ, ಲಂಡನ್ನಿನಲ್ಲಿ. 1967ರಲ್ಲಿ ಶುರುವಾದ ಮೊದಲ ವೈಟ್‌ಹಾಲ್ ಅಧ್ಯಯನದಲ್ಲಿ ಹೆಂಗಸರೇ ಇರಲಿಲ್ಲ, ಸರ್ಕಾರಿ ಕೆಲಸ ಎಂದರೆ ಗಂಡಸರ ಕೆಲಸ ಎಂಬಂತೆ. 1985ರ ಎರಡನೇ ಅಧ್ಯಯನದಲ್ಲಿ 10,308 ನೌಕರರಿದ್ದರು, ಮೂರರಲ್ಲಿ ಒಂದು ಪಾಲು ಮಹಿಳೆಯರು. ಅದರಿಂದ ಗಟ್ಟಿಯಾಗಿ ಹೊರಬಂದ ಮಾತು: ಕೆಲಸದ ಹೊರೆಯೊಂದೇ ಅಲ್ಲ, ಆ ಕೆಲಸವನ್ನು ಯಾವಾಗ ಹೇಗೆ ಮಾಡಬೇಕೆಂಬ ತೀರ್ಮಾನ ತನ್ನ ಕೈಯಲ್ಲಿಲ್ಲದಿರುವುದು, ಪಟ್ಟ ಶ್ರಮಕ್ಕೆ ತಕ್ಕ ಮನ್ನಣೆ ಸಿಗದಿರುವುದು ಮನಸ್ಸನ್ನು ಕೆಡಿಸುತ್ತದೆ.

ನಮ್ಮ ತಾಲ್ಲೂಕುಗಳಲ್ಲಿ ಇದನ್ನು ಕಾಣಲು ದುರ್ಬೀನು ಬೇಡ. ಗ್ರಾಮ ಆಡಳಿತ ಅಧಿಕಾರಿಗಳು ಮೊಬೈಲ್ ಆ್ಯಪ್‌ಗಳ ಹೊರೆಯ ವಿರುದ್ಧ 2024ರಲ್ಲಿ ಮುಷ್ಕರಕ್ಕೆ ಕೂತರು. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿದಾಗ ನೆಟ್‌ವರ್ಕ್ ಇಲ್ಲದ ಆ್ಯಪ್‌ಗೆ ಅವರು ಹೊಣೆ. ಕೆಲಸ ಒಂದೇ ಆದರೂ ಹೊರೆ ಬೀಳುವ ಬಗೆ ಬೇರೆ. ಕ್ಷೇತ್ರಕ್ಕೆ ಹೋಗುವ ಮಹಿಳೆ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯದೆ ದಿನ ದೂಡುತ್ತಾಳೆ, ತಲೆನೋವು ಮತ್ತು ಮೂತ್ರದ ಸೋಂಕು ಜತೆಗೇ ಬರುತ್ತವೆ. ಮನೆಗೆ ಬಂದರೆ ಎರಡನೇ ಪಾಳಿ: 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97. ಅನುಕಂಪದ ಆಧಾರದಲ್ಲಿ ನೇಮಕವಾದ ಮಹಿಳೆಯರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಂಡ ಸತ್ತ ದುಃಖ ಆರುವ ಮೊದಲೇ, ಅವನಿದ್ದ ಇಲಾಖೆಯಲ್ಲೇ, ಅವನ ಸಹೋದ್ಯೋಗಿಗಳ ನಡುವೆ ಟೈಪಿಂಗ್ ಕಲಿಯಬೇಕು. ಅಂಥವರಿಗೆ ನೇಮಕಾತಿ ಆದೇಶದ ಜತೆಗೇ ಸಮಾಲೋಚನೆಯ ವ್ಯವಸ್ಥೆ ಇರಬೇಕಿತ್ತು.

ಗಂಡಸರ ಕಡೆ ಖಿನ್ನತೆ ಹೆಚ್ಚಾಗಿ ಒಂದು ಕಾಗದದ ಬೆನ್ನಿಗೆ ಬರುತ್ತದೆ: ಅಮಾನತು ಆದೇಶ, ಇಲಾಖಾ ವಿಚಾರಣೆಯ ದೋಷಾರೋಪ ಪಟ್ಟಿ, ವಸೂಲಾತಿ ನೋಟಿಸು. ಸಂಬಳ ಅರ್ಧಕ್ಕಿಳಿಯುತ್ತದೆ, ಸಾಲದ ಕಂತು ಇಳಿಯುವುದಿಲ್ಲ, ಬೆಳಿಗ್ಗೆ ಹತ್ತಕ್ಕೆ ಹೋಗಲು ಜಾಗವಿಲ್ಲ. ಇನ್ನೊಂದು ಗುಂಪು ಒಂಟಿ ವಾಸಿಗಳದು: ಹೆಂಡತಿ ಮಕ್ಕಳು ಮೈಸೂರಿನಲ್ಲಿ, ನೌಕರಿ ಯಾದಗಿರಿಯಲ್ಲಿ, ಬಾಡಿಗೆ ಕೋಣೆ, ಮೆಸ್ಸಿನ ಊಟ, ಸಂಜೆ ಬಾರು. ಇವರಲ್ಲಿ ಯಾರೂ 'ನನಗೆ ಖಿನ್ನತೆ' ಎಂದು ಕರೆ ಮಾಡುವುದಿಲ್ಲ. ಗ್ಯಾಸ್ಟ್ರಿಕ್, ಬಿಪಿ, ಸೊಂಟನೋವು ಎಂದು ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಯಾರಾದರೂ ಕರೆದರೆ ಮಾತ್ರ ಬರುವ ಜನಕ್ಕೆ, ತಾನಾಗಿ ಯಾರಿಗೂ ಮೊದಲ ಕರೆ ಮಾಡದ ಸಹಾಯವಾಣಿ ಇದು. ಎರಡೂವರೆ ಅಂಕದ ಕಾರಣ ಇದೇ.

ಸೈನಿಕರಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಟೆಲಿ ಮಾನಸ್ ಘಟಕ ತೆರೆದರು. ಸಮವಸ್ತ್ರದ ಕೆಲಸ ಗೊತ್ತಿದ್ದವರು ಮಾತಾಡಲಿ ಎಂಬುದು ಅದರ ಉದ್ದೇಶ. ಪೊಲೀಸ್, ಕಂದಾಯ, ಶಿಕ್ಷಣ ಇಲಾಖೆಗಳಿಗೆ ಅಂಥದ್ದೊಂದು ಬಂದರೆ 'ಚಾರ್ಜ್ ಕೊಡದೆ ರಜೆ ಹೋಗುವ ಹಾಗಿಲ್ಲ' ಎಂದರೆ ಏನು ಎಂದು ಸಮಾಲೋಚಕರಿಗೆ ಬಿಡಿಸಿ ಹೇಳುವ ಹತ್ತು ನಿಮಿಷ ಉಳಿಯುತ್ತದೆ.

ಮಂಗಳವಾರದ ಕ್ಲಿನಿಕ್ ಫೋನಿಗಿಂತ ಹೆಚ್ಚು ಕೆಲಸಕ್ಕೆ ಬರುವ ವ್ಯವಸ್ಥೆ. ಇದಕ್ಕೆ ಐದಕ್ಕೆ ನಾಲ್ಕು ಕೊಡಬಹುದು, ಇಬ್ಬರ ಲೆಕ್ಕದಲ್ಲೂ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅದರ ಮುಂದುವರಿಕೆಯಾಗಿ ಕರ್ನಾಟಕದಲ್ಲಿ 'ಮನೋಚೈತನ್ಯ' ಹೆಸರಿನಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ತಪಾಸಣೆ, ಮಾತ್ರೆ ಎರಡೂ ಉಚಿತ. ಎದುರು ಕೂತ ವೈದ್ಯರು ನಡುಗುವ ಕೈ, ಬಾಯಿಯ ವಾಸನೆ, ತೂಕ ಇಳಿದ ಮೈ ನೋಡುತ್ತಾರೆ. ಫೋನಿನಲ್ಲಿ ಬಚ್ಚಿಟ್ಟದ್ದು ಅಲ್ಲಿ ಬಯಲಾಗುತ್ತದೆ.

ತೊಂದರೆ ಇರುವುದು ಸಾಲಿನಲ್ಲಿ. ಚಿಕ್ಕ ಊರಿನಲ್ಲಿ ಶಿಕ್ಷಕಿಯ ಹಿಂದೆಯೇ ಅವರ ತರಗತಿಯ ಹುಡುಗನ ತಾಯಿ ನಿಂತಿರುತ್ತಾಳೆ. ಪೊಲೀಸ್ ಕಾನ್‌ಸ್ಟೆಬಲ್ ಬಂದರೆ ಇಡೀ ಸಾಲೇ ತಿರುಗಿ ನೋಡುತ್ತದೆ. ಪಕ್ಕದ ತಾಲ್ಲೂಕಿಗೆ ಹೋಗಲು ಅಡ್ಡಿಯಿಲ್ಲ, ಬಹಳ ಜನ ಹಾಗೆಯೇ ಮಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಗುಂಪು ದೊಡ್ಡದು, ಗುರುತಿನವರು ಕಡಿಮೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಕೊನೆಯ ಮೆಟ್ಟಿಲು. ಎರಡು ಬಗೆಯ ಮಾತ್ರೆ ಸರಿಯಾದ ಪ್ರಮಾಣದಲ್ಲಿ ಸೋತ ಮೇಲೆ ಅಲ್ಲಿಗೆ ಹೋದರೆ ಸಾಕು. ಆಸ್ಪತ್ರೆಯ ವಾತಾವರಣವೇ ಬೇಡ ಎನ್ನುವ ಬೆಂಗಳೂರಿನವರಿಗೆ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಸ್ವಾಸ್ಥ್ಯ ಕೇಂದ್ರವಿದೆ.

ಮಾತ್ರೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಚಿಕಿತ್ಸೆ ಮುರಿಯುವುದು ಇಲ್ಲೇ. ಸಾಮಾನ್ಯವಾಗಿ ಕೊಡುವುದು ಎಸಿಟಾಲೊಪ್ರಾಂ (5 ಮಿಲಿಗ್ರಾಂನಿಂದ ಶುರುಮಾಡಿ 10), ಸರ್ಟ್ರಲೀನ್ (25ರಿಂದ 50) ಅಥವಾ ಫ್ಲುಯೊಕ್ಸೆಟಿನ್ (20). ಮೊದಲ ಹತ್ತು ದಿನ ಹೊಟ್ಟೆ ತೊಳಸು, ಚಡಪಡಿಕೆ ಬರುತ್ತದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಈ ಮಾತ್ರೆ ನಾಟಿತೋ ಇಲ್ಲವೋ ಎಂದು ತೀರ್ಮಾನಿಸಲು ಆರರಿಂದ ಎಂಟು ವಾರ. ಅಂದರೆ ಕೆಟ್ಟದ್ದು ಮೊದಲು, ಒಳ್ಳೆಯದು ಆಮೇಲೆ. ಈ ಒಂದು ವಾಕ್ಯ ಹೇಳದೆ ಚೀಟಿ ಕೊಟ್ಟರೆ ರೋಗಿ ಮುಂದಿನ ಭೇಟಿಗೆ ಬರುವುದಿಲ್ಲ. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಮೈ ಜುಮ್ಮೆನ್ನುವುದು.

ನಿಲ್ಲಿಸುವ ಕಾರಣ ಇಬ್ಬರಲ್ಲೂ ಬೇರೆ. ಗಂಡಸರು ನಿಲ್ಲಿಸುವುದು ಲೈಂಗಿಕ ಅಡ್ಡಪರಿಣಾಮದಿಂದ: ಆಸಕ್ತಿ ಇಳಿಯುತ್ತದೆ, ಸ್ಖಲನ ತಡವಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ವೈದ್ಯರೂ ಸಾಲು ಉದ್ದವಿದ್ದರೆ ಕೇಳುವುದಿಲ್ಲ. ಹೇಳಿದರೆ ಪ್ರಮಾಣ ಇಳಿಸಲು, ಬೇರೆ ಮಾತ್ರೆಗೆ ಬದಲಿಸಲು ದಾರಿಯುಂಟು. ಹೆಂಗಸರಿಗೂ ಈ ಪರಿಣಾಮ ಆಗುತ್ತದೆ, ಅವರನ್ನು ಕೇಳುವವರು ಇನ್ನೂ ಕಡಿಮೆ. ಹೆಂಗಸರು ಹೆಚ್ಚಾಗಿ ನಿಲ್ಲಿಸುವುದು ಬೆಳಗಿನ ಮಂಪರು ಮತ್ತು ತೂಕ ಏರಿಕೆಯಿಂದ. ರಾತ್ರಿಯ ಅಮಿಟ್ರಿಪ್ಟಿಲಿನ್ ಅಥವಾ ಮಿರ್ಟಜಪಿನ್ ನುಂಗಿ ಐದಕ್ಕೆ ಎದ್ದು ಡಬ್ಬಿ ಕಟ್ಟಲು ಆಗುವುದಿಲ್ಲ. ಮನೆಯಲ್ಲಿ ಬೈಗುಳ, ಮಾತ್ರೆ ಕಸದ ಬುಟ್ಟಿಗೆ. 'ನಾನು ಐದಕ್ಕೆ ಏಳಬೇಕು' ಎಂದು ವೈದ್ಯರಿಗೆ ಹೇಳಿದರೆ ಬೆಳಗಿನ ತಿಂಡಿಯ ನಂತರ ನುಂಗುವ ಮಾತ್ರೆ ಬರೆಯುತ್ತಾರೆ. ಹಾಲುಣಿಸುವವರಿಗೆ ಸಾಮಾನ್ಯವಾಗಿ ಸರ್ಟ್ರಲೀನ್ ಆರಿಸುತ್ತಾರೆ, ಎದೆಹಾಲಿಗೆ ಅದು ಸೇರುವುದು ತೀರಾ ಕಡಿಮೆ. ಸೊಂಟನೋವಿಗೆಂದು ದಿನಾ ಡೈಕ್ಲೋಫೆನಾಕ್ ನುಂಗುವವರು ಅದನ್ನೂ ಹೇಳಬೇಕು; ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ.

ಇನ್ನು ಕಾಗದಪತ್ರ. ಚಿಕಿತ್ಸೆಗಿಂತ ಇದಕ್ಕೇ ಹೆದರುವವರು ಜಾಸ್ತಿ. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೋದರೆ ವರ್ಷಕ್ಕೆ 14 ಭೇಟಿ. ಅರ್ಧ ದಿನದ ಲೆಕ್ಕದಲ್ಲಿ 7 ಸಾಂದರ್ಭಿಕ ರಜೆ. 2019ರಿಂದ ಕಚೇರಿ ನೌಕರರಿಗೆ ವರ್ಷಕ್ಕೆ ಸಿಗುವುದೇ 10. ಮಗುವಿಗೆ ಜ್ವರ ಬಂದಾಗ ರಜೆ ಹಾಕುವುದು ತಾಯಿಯೇ ಆದ್ದರಿಂದ ಮಹಿಳಾ ನೌಕರರ ಖಾತೆಯಲ್ಲಿ ಜುಲೈ ಹೊತ್ತಿಗೆ ಎರಡೋ ಮೂರೋ ಉಳಿದಿರುತ್ತವೆ. ಉದ್ದನೆಯ ರಜೆಗೆ ದಾರಿ ಪರಿವರ್ತಿತ ರಜೆ: ವರ್ಷಕ್ಕೆ 20 ದಿನದಂತೆ ಸೇರುವ ಅರ್ಧ ವೇತನ ರಜೆಯನ್ನು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪೂರ್ಣ ವೇತನಕ್ಕೆ ಬದಲಿಸುವುದು. 60 ದಿನ ಖಾತೆಯಲ್ಲಿದ್ದರೆ 30 ದಿನ ಪೂರ್ಣ ಸಂಬಳ.

ಆದರೆ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು ಬರುತ್ತದಲ್ಲ ಎಂಬ ಅಳುಕಿನಿಂದ ಎರಡು ತಪ್ಪು ನಡೆಯುತ್ತವೆ. ಮಹಿಳೆಯರು 2021ರಲ್ಲಿ ಬಂದ 180 ದಿನದ ಶಿಶುಪಾಲನಾ ರಜೆಯನ್ನು ಖಿನ್ನತೆಗೆ ಖರ್ಚು ಮಾಡುತ್ತಾರೆ. ಅದು ಇಡೀ ಸೇವಾವಧಿಗೆ ಒಂದೇ ಗಂಟು. ಮಗ ಹತ್ತನೇ ತರಗತಿಗೆ ಬಂದಾಗ ಕೈ ಖಾಲಿ. ಬಹುತೇಕ ಗಂಡಸರಿಗೆ ಆ ರಜೆಯೂ ಇಲ್ಲ. ಅವರು ಹೇಳದೆ ಕೇಳದೆ ಗೈರಾಗುತ್ತಾರೆ, ಮೂರನೇ ನೋಟಿಸಿಗೆ ಅದು ಅನಧಿಕೃತ ಗೈರು, ಆಮೇಲೆ ಇಲಾಖಾ ವಿಚಾರಣೆ. ಖಿನ್ನತೆಯಿಂದ ಶುರುವಾದ ಗೈರು ವಿಚಾರಣೆಗೆ ದಾರಿಯಾಗಿ, ಆ ವಿಚಾರಣೆಯೇ ಖಿನ್ನತೆಯನ್ನು ಇನ್ನಷ್ಟು ಆಳಕ್ಕೆ ಎಳೆಯುತ್ತದೆ. ಮೊದಲ ವಾರದಲ್ಲೇ ಮನೋವೈದ್ಯರ ಪ್ರಮಾಣಪತ್ರ ಪಡೆದು, ರಜೆ ಮಂಜೂರು ಮಾಡುವ ಅಧಿಕಾರಿಯ ಹೆಸರಿಗೆ ಮುಚ್ಚಿದ ಲಕೋಟೆಯಲ್ಲಿ 'ಗೋಪ್ಯ' ಎಂದು ಬರೆದು, ಸ್ವೀಕೃತಿ ಪಡೆದು ಕೊಡುವುದು ಸರಿಯಾದ ದಾರಿ. ತಿಂಗಳಾದ ಮೇಲೆ ಹಿಂದಿನ ದಿನಾಂಕಕ್ಕೆ ಪ್ರಮಾಣಪತ್ರ ಕೇಳಿದರೆ ಒಳ್ಳೆಯ ವೈದ್ಯರು ಕೊಡುವುದಿಲ್ಲ, ಕೊಟ್ಟರೂ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಮರಳಿ ಹಾಜರಾಗುವಾಗ ದೇಹದಾರ್ಢ್ಯ ಪ್ರಮಾಣಪತ್ರ ಮರೆಯಬೇಡಿ.

ಕಾನೂನು ನೌಕರರ ಪರ ಇದೆ, ಸೆಕ್ಷನ್ ಗೊತ್ತಿರಬೇಕು ಅಷ್ಟೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡಲು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು, ತೀವ್ರ ಮಾನಸಿಕ ಕಾಯಿಲೆಯಿಂದ ಬಂದದ್ದೂ ಸೇರಿ, ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ಖಿನ್ನತೆಯ ಬೇರು ಕಚೇರಿಯ ಲೈಂಗಿಕ ಕಿರುಕುಳದಲ್ಲಿದ್ದರೆ 14416ರ ಜತೆಗೆ ಆಂತರಿಕ ಸಮಿತಿಗೂ ಹೋಗಬೇಕು, ಮೂರು ತಿಂಗಳೊಳಗೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆ ಕೊಡಿಸಬಹುದು, ಅದು ಇರುವ ರಜೆಗೆ ಹೆಚ್ಚುವರಿ. ಕೆಲಸಕ್ಕೆ ಬರುವ ಈ ಸೆಕ್ಷನ್ ಎಷ್ಟೋ ಸಮಿತಿಗಳಿಗೇ ನೆನಪಿರುವುದಿಲ್ಲ.

ದುಡ್ಡಿನ ಮಾತು ಚಿಕ್ಕದು. ರಾಜ್ಯ ನೌಕರರ ಹಳೆಯ ಆರೋಗ್ಯ ಯೋಜನೆ ಜ್ಯೋತಿ ಸಂಜೀವಿನಿಯ ಪಟ್ಟಿಯಲ್ಲಿ ಹೃದಯ, ಕ್ಯಾನ್ಸರ್, ನರರೋಗ ಇದ್ದವು, ಮನೋರೋಗ ಇರಲಿಲ್ಲ. 2025ರ ಅಕ್ಟೋಬರ್ 1ರಿಂದ ಜಾರಿಯಾದ ಕರ್ನಾಟಕ ಆರೋಗ್ಯ ಸಂಜೀವಿನಿಯಲ್ಲಿ ಎ ವೃಂದದವರಿಂದ ತಿಂಗಳಿಗೆ 1,000, ಬಿ 500, ಸಿ 350, ಡಿ 250 ರೂಪಾಯಿ ವಂತಿಗೆ ಕಡಿತವಾಗುತ್ತದೆ. ಖಾಸಗಿ ಆಸ್ಪತ್ರೆಗೆ ಕಾರ್ಡು ಹಿಡಿದು ಹೋಗುವ ಮುನ್ನ ಅದರ ಒಪ್ಪಂದದಲ್ಲಿ ಮನೋವೈದ್ಯ ವಿಭಾಗ ಸೇರಿದೆಯೇ, ಒಳರೋಗಿಗೆ ಮಾತ್ರವೇ ಎಂದು ಯೋಜನೆಯ ಕೌಂಟರಿನಲ್ಲಿ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಯಾರು ಯಾವ ಬಾಗಿಲು ತಟ್ಟಬೇಕು? ಎರಡು ವಾರದಿಂದ ನಿದ್ದೆ, ಹಸಿವು, ಮನಸ್ಸು ಕೆಟ್ಟಿದ್ದು ಯಾರಿಗೂ ಹೇಳಲಾಗದಿದ್ದರೆ 14416. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 10 ಮುಟ್ಟಿದ್ದರೆ, ಅಥವಾ 10ರ ಕೆಳಗಿದ್ದೂ ದಿನವೂ ಕುಡಿತವಿದ್ದರೆ, ಫೋನಿಗೆ ನಿಲ್ಲದೆ ನೇರ ಮಂಗಳವಾರದ ಕ್ಲಿನಿಕ್. ಒಂಬತ್ತನೇ ಪ್ರಶ್ನೆಗೆ, ಸಾವಿನ ಯೋಚನೆಗೆ, ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುತ್ತ ಕೂರಬಾರದು. ಅದೇ ಹೊತ್ತಿಗೆ 14416ಕ್ಕೆ ಕರೆ ಮಾಡಿ, ಒಬ್ಬರೇ ಇರಬೇಡಿ. ಅಪಾಯ ಕಣ್ಣೆದುರೇ ಇದ್ದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ. ಅಮಾನತು ಆದೇಶದ ಕೆಳಗೆ, ಪ್ರತಿಗಳು ಯಾರು ಯಾರಿಗೆ ಎಂದು ಬರೆಯುವ ಜಾಗದಲ್ಲಿ, ಈ ನಂಬರು ಒಂದು ಸಾಲು ಅಚ್ಚಾದರೆ ಸರ್ಕಾರಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಪುರುಷ ನೌಕರರ ಲೆಕ್ಕದಲ್ಲಿ ಅರ್ಧ ಅಂಕ ಆಗಲೇ ಏರಿಸುತ್ತೇವೆ.

ಕ್ಲಿನಿಕ್‌ಗೆ ಹೋಗುವವರು ಕ್ಯಾಲೆಂಡರ್ ನೋಡಿಕೊಳ್ಳಿ. ಮಂಗಳವಾರ ಹಬ್ಬದ ರಜೆ ಬಿದ್ದರೆ ವೈದ್ಯರು ಯಾವ ದಿನ ಬರುತ್ತಾರೆಂದು ಹಿಂದಿನ ಭೇಟಿಯಲ್ಲೇ ಕೇಳಿ, ಒಂದು ವಾರದ ಮಾತ್ರೆ ಹೆಚ್ಚಿಗೆ ಬರೆಸಿಕೊಳ್ಳಿ. ಔಷಧ ಕೌಂಟರ್ ಮುಚ್ಚುವ ಮೊದಲು ಚೀಟಿ ತಲುಪಬೇಕೆಂದರೆ ಹನ್ನೊಂದರೊಳಗೆ ಸಾಲಿನಲ್ಲಿರುವುದು ಕ್ಷೇಮ.